ಹಿಮದ ಬೆಟ್ಟವನ್ನು ಹತ್ತಿ ಇಳಿಯುವ ಓಟ

ಎರಡು ಉದ್ದನೆಯ ಹಲಗೆಗಳನ್ನು ಕಾಲಿಗೆ ಕಟ್ಟಿಕೊಂಡು ಹಿಮದ ಇಳಿಜಾರಿನಲ್ಲಿ ಜಾರುವ ಆಟಕ್ಕೆ ಸ್ಕೀ ಎಂದು ಹೆಸರು. ಅದರ ಚಿತ್ರಗಳನ್ನು ನಮ್ಮ ವಾಚನಾಲಯಕ್ಕೆ ಬರುವ ಪತ್ರಿಕೆಗಳಲ್ಲಿ ನಾವೆಲ್ಲರೂ ನೋಡಿದ್ದೇವೆ. ಆದರೆ ಜಾರುವವನು ಬೆಟ್ಟದ ತುದಿಗೆ ಹೋದದ್ದು ಹೇಗೆ ಎಂಬುದನ್ನು ಆ ಚಿತ್ರಗಳು ತೋರಿಸುವುದಿಲ್ಲ. ಬಹುಮಟ್ಟಿಗೆ ತಂತಿಯ ಮೇಲೆ ಓಡುವ ಕುರ್ಚಿ ಅವನನ್ನು ಮೇಲಕ್ಕೆ ಒಯ್ದು ಬಿಟ್ಟಿರುತ್ತದೆ. ಹಾಗಲ್ಲದೆ, ತನ್ನ ಕಾಲಿನ ಬಲದಿಂದಲೇ ಬೆಟ್ಟ ಹತ್ತಿ, ಅದೇ ಹಲಗೆಗಳ ಮೇಲೆ ಇಳಿದು, ಮತ್ತೊಂದು ಬೆಟ್ಟ ಹತ್ತಬೇಕೆಂಬ ಆಟವೊಂದುಂಟು. ಅದನ್ನು ಸ್ಕೀ ಮೌಂಟನಿಯರಿಂಗ್ ಎನ್ನುತ್ತಾರೆ. 2026ರ ಫೆಬ್ರವರಿಯಲ್ಲಿ ಇಟಲಿಯ ಬೊರ್ಮಿಯೊ ಊರಿನಲ್ಲಿ ಇದು ಮೊದಲ ಸಲ ಒಲಿಂಪಿಕ್ ಪದಕದ ಆಟವಾಯಿತು. ಈ ಓಟ ಎಂಥದು, ಎಲ್ಲಿಂದ ಬಂದಿತು ಎಂಬುದನ್ನು ಇಲ್ಲಿ ತಿಳಿಯೋಣ.

ಮೊದಲು ಏಳುವ ಪ್ರಶ್ನೆ, ಜಾರುವುದಕ್ಕೆಂದೇ ಮಾಡಿದ ಹಲಗೆಯ ಮೇಲೆ ನಿಂತು ಏರುವುದು ಹೇಗೆ ಎಂಬುದು. ಉತ್ತರ ಸುಲಭವಾಗಿದೆ. ಹಲಗೆಯ ಅಡಿಗೆ ಒಂದು ಪಟ್ಟಿಯನ್ನು ಅಂಟಿಸುತ್ತಾರೆ. ಹಿಂದೆ ಅದು ಸೀಲ್ ಎಂಬ ಕಡಲ ಪ್ರಾಣಿಯ ಚರ್ಮ; ಈಗ ಅಂಗೋರಾ ಮೇಕೆಯ ಉಣ್ಣೆ ಅಥವಾ ನೈಲಾನ್. ಬೆಕ್ಕಿನ ಬೆನ್ನನ್ನು ತಲೆಯಿಂದ ಬಾಲದ ಕಡೆಗೆ ಸವರಿದರೆ ಕೈ ನುಣ್ಣಗೆ ಹೋಗುತ್ತದೆ. ಬಾಲದಿಂದ ತಲೆಯ ಕಡೆಗೆ ಸವರಿದರೆ ತಡೆಯುತ್ತದೆ. ಪಟ್ಟಿಯ ರೋಮವೂ ಹೀಗೆಯೇ ಹಿಮ್ಮುಖವಾಗಿ ಮಲಗಿರುತ್ತದೆ. ಹಲಗೆ ಮುಂದಕ್ಕೆ ಜಾರುತ್ತದೆ, ಹಿಂದಕ್ಕೆ ಜಾರದೆ ಹಿಮವನ್ನು ಕಚ್ಚಿ ನಿಲ್ಲುತ್ತದೆ. ಏರುವಾಗ ಬೂಟಿನ ಮುಂತುದಿ ಮಾತ್ರ ಹಲಗೆಗೆ ಸಿಕ್ಕಿಕೊಂಡು ಕೀಲಿನಂತೆ ಆಡುತ್ತದೆ, ಹಿಮ್ಮಡಿ ಮೇಲೇಳುತ್ತದೆ. ಇಳಿಯುವಾಗ ಹಿಮ್ಮಡಿಯನ್ನೂ ಬಿಗಿಯುತ್ತಾರೆ.

ಆದ್ದರಿಂದ ತುದಿ ಮುಟ್ಟಿದ ಕೂಡಲೆ ಸ್ಪರ್ಧಾಳು ನಿಂತು, ಪಟ್ಟಿಯನ್ನು ಕಿತ್ತು ಅಂಗಿಯೊಳಗೆ ತುರುಕಿ, ಬೂಟನ್ನು ಬಿಗಿದು, ಹಿಮ್ಮಡಿಯನ್ನು ಕೂರಿಸಿ ಇಳಿಯಬೇಕು. ನುರಿತವರು ಇದನ್ನೆಲ್ಲ ಕೆಲವೇ ಸೆಕೆಂಡುಗಳಲ್ಲಿ ಮುಗಿಸುತ್ತಾರೆ. ಎದೆ ಏದುಸಿರು ಬಿಡುತ್ತಿರುವಾಗ, ಚಳಿಗೆ ಬೆರಳು ಸೆಟೆದಿರುವಾಗ, ಈ ಸಣ್ಣ ಕೈಕೆಲಸದಲ್ಲಿ ಎಡವಿ ಓಟವನ್ನೇ ಸೋತವರುಂಟು. ಕಡಿದಾದ ಕಡೆ ಹಲಗೆಗಳನ್ನು ಬೆನ್ನಿನ ಚೀಲಕ್ಕೆ ಸಿಕ್ಕಿಸಿ ಬರಿಯ ಬೂಟುಗಾಲಿನಲ್ಲಿ ಹತ್ತಬೇಕಾಗುತ್ತದೆ. ದೊಡ್ಡ ಬೆಟ್ಟದ ಓಟಗಳಲ್ಲಿ ಹಿಮದಡಿ ಹೂತವರನ್ನು ಹುಡುಕುವ ರೇಡಿಯೋ ಯಂತ್ರ, ಸಲಿಕೆ, ಉದ್ದನೆಯ ಶೋಧನ ಕೋಲು ಇವು ಪ್ರತಿಯೊಬ್ಬರ ಬಳಿಯೂ ಇರಲೇಬೇಕು. ಹೂತವನಿಗೆ ಮೊದಲ ನೆರವು ಪಕ್ಕದಲ್ಲಿದ್ದವನಿಂದಲೇ ಬರಬೇಕಾದ್ದರಿಂದ ಈ ನಿಯಮ.

ಈ ಓಟ ಹುಟ್ಟಿದ್ದು ಆಲ್ಪ್ಸ್ ಪರ್ವತಗಳಲ್ಲಿ, ಬಹುಪಾಲು ಸೈನಿಕರ ನಡುವೆ. 1924ರಲ್ಲಿ ಫ್ರಾನ್ಸಿನ ಶಾಮೊನಿಯಲ್ಲಿ ನಡೆದ ಮೊದಲ ಚಳಿಗಾಲದ ಒಲಿಂಪಿಕ್ಸ್‌ನಲ್ಲಿಯೇ ಸೈನಿಕ ಗಸ್ತಿನ ಸ್ಕೀ ಪಂದ್ಯವಿತ್ತು. ಇಟಲಿಯಲ್ಲಿ ಒಟ್ಟೊರಿನೊ ಮೆಜ್ಜಲಾಮ ಎಂಬ ಪರ್ವತಾರೋಹಿ 1931ರಲ್ಲಿ ಹಿಮಕುಸಿತಕ್ಕೆ ಸಿಕ್ಕಿ ತೀರಿಕೊಂಡನು. ಅವನ ನೆನಪಿಗೆ 1933ರಲ್ಲಿ ಆರಂಭವಾದ ಮೆಜ್ಜಲಾಮ ಪಂದ್ಯದಲ್ಲಿ ಮೂವರು ಒಂದೇ ಹಗ್ಗಕ್ಕೆ ಕಟ್ಟಿಕೊಂಡು 4,000 ಮೀಟರಿಗೂ ಎತ್ತರದ ಹಿಮನದಿಗಳನ್ನು ದಾಟುತ್ತಾರೆ.

ಎಲ್ಲಕ್ಕಿಂತ ಹೆಸರಾದದ್ದು ಸ್ವಿಟ್ಜರ್ಲೆಂಡಿನ 'ಪತ್ರೂಯ್ ದೆ ಗ್ಲಾಸಿಯೆ', ಅಂದರೆ ಹಿಮನದಿಗಳ ಗಸ್ತು. ಎರಡನೆಯ ಮಹಾಯುದ್ಧದ ನಡುವೆ, 1943ರ ಏಪ್ರಿಲ್‌ನಲ್ಲಿ, ತಮ್ಮ ಪರ್ವತ ದಳದ ಸಿದ್ಧತೆಯನ್ನು ಪರೀಕ್ಷಿಸಲು ಇಬ್ಬರು ಕ್ಯಾಪ್ಟನ್ನರು ಇದನ್ನು ಏರ್ಪಡಿಸಿದರು. ಅವರಲ್ಲೊಬ್ಬನಾದ ರೊಜೆ ಬೊನ್ವಾನ್ ಮುಂದೆ ಆ ದೇಶದ ಅಧ್ಯಕ್ಷನೂ ಆದನು. ಜೆರ್ಮಾಟ್ ಊರಿನಿಂದ ರಾತ್ರಿ ಹೊರಟು ವೆರ್ಬಿಯೆ ತಲುಪಬೇಕು. ದಾರಿ 50 ಕಿಲೋಮೀಟರಿಗೂ ಹೆಚ್ಚು. ಅತಿ ಎತ್ತರದ ಜಾಗ 3,650 ಮೀಟರಿನ ತೆತ್ ಬ್ಲಾಂಷ್. ಏರುಗಳನ್ನೆಲ್ಲ ಕೂಡಿಸಿದರೆ ಸುಮಾರು 4,000 ಮೀಟರ್. ನಮ್ಮ ಮುಳ್ಳಯ್ಯನಗಿರಿಯ ಎತ್ತರ ಸಮುದ್ರಮಟ್ಟದಿಂದ 1,930 ಮೀಟರ್. ಕಡಲ ದಂಡೆಯಿಂದ ಹೊರಟು ಅದನ್ನು ಒಂದೇ ಓಟದಲ್ಲಿ ಎರಡು ಸಲ ಹತ್ತಿದಷ್ಟಾಯಿತು. 2018ರಲ್ಲಿ ಇಟಲಿಯ ಮೂವರು ಇದನ್ನು 5 ಗಂಟೆ 35 ನಿಮಿಷಗಳಲ್ಲಿ ಮುಗಿಸಿದರು.

ಈ ಓಟದ ಕಥೆಯಲ್ಲಿ ದುಃಖದ ಅಧ್ಯಾಯವೂ ಉಂಟು. 1949ರ ಏಪ್ರಿಲ್‌ನಲ್ಲಿ ಒಂದು ತಂಡದ ಮೂವರೂ ಹಿಮನದಿಯ ಬಿರುಕಿನಲ್ಲಿ ಬಿದ್ದು ಸತ್ತರು. ಸರ್ಕಾರ ಓಟವನ್ನೇ ನಿಷೇಧಿಸಿತು. ಮತ್ತೆ ಅದು ನಡೆದದ್ದು 1984ರಲ್ಲಿ, ಮೂವತ್ತೈದು ವರ್ಷಗಳ ಬಳಿಕ. ಈಗ ಸ್ವಿಸ್ ಸೈನ್ಯವೇ ಅದನ್ನು ನಡೆಸುತ್ತದೆ. ಹವೆ ಕೆಟ್ಟರೆ ನಿಲ್ಲಿಸಿಬಿಡುತ್ತದೆ. ಆದರೂ ಬೆಟ್ಟ ಬೆಟ್ಟವೇ. 2024ರ ಮಾರ್ಚ್‌ನಲ್ಲಿ ಜೆರ್ಮಾಟ್‌ನಿಂದ ಅದೇ ದಾರಿ ಹಿಡಿದು ಹೊರಟ ಆರು ಮಂದಿ ತೆತ್ ಬ್ಲಾಂಷ್ ಬಳಿ ಬಿರುಗಾಳಿಗೆ ಸಿಕ್ಕರು. ಐವರ ದೇಹಗಳನ್ನು ಪತ್ತೆಹಚ್ಚಲು ಮಾತ್ರ ರಕ್ಷಣಾ ದಳಕ್ಕೆ ಸಾಧ್ಯವಾಯಿತು.

ಫ್ರಾನ್ಸಿನಲ್ಲಿ 1986ರಿಂದ ನಡೆಯುತ್ತಿರುವ ಪಿಯೆರಾ ಮೆಂತಾ ಇನ್ನೊಂದು ಬಗೆ. ಇಬ್ಬಿಬ್ಬರ ತಂಡ, ನಾಲ್ಕು ದಿನ, ಒಟ್ಟು ಸುಮಾರು 10,000 ಮೀಟರ್ ಏರು.

ಇಂಥ ಊರೂರಿನ ಓಟಗಳಿಗೆ ಒಂದು ಅಂತಾರಾಷ್ಟ್ರೀಯ ಕಟ್ಟು ಬಂದದ್ದು ಈಚೆಗೆ. ಮೊದಲ ವಿಶ್ವ ಚಾಂಪಿಯನ್‌ಷಿಪ್ 2002ರಲ್ಲಿ ಫ್ರಾನ್ಸಿನ ಸೆರ್ ಷೆವಾಲಿಯೆಯಲ್ಲಿ ನಡೆಯಿತು. ಪ್ರತಿ ಚಳಿಗಾಲದಲ್ಲೂ ಬೇರೆ ಬೇರೆ ಊರುಗಳಲ್ಲಿ ವಿಶ್ವ ಕಪ್ ಪಂದ್ಯಗಳು ನಡೆಯುತ್ತವೆ. ಸ್ಪರ್ಧೆಗಳೂ ಹಲವು ಬಗೆ. ಒಬ್ಬೊಬ್ಬರೇ ಹಲವು ಏರಿಳಿತಗಳನ್ನು ದಾಟುವುದೊಂದು. ಇಳಿಯದೆ ಏರುವುದಷ್ಟೇ ಇನ್ನೊಂದು. ಜೋಡಿ ಓಟ ಮತ್ತೊಂದು. ಸರದಿಯ ಓಟ, ಸ್ಪ್ರಿಂಟ್ ಎಂಬ ಗಿಡ್ಡ ಓಟ ಬೇರೆ. ಫ್ರಾನ್ಸ್, ಇಟಲಿ, ಸ್ವಿಟ್ಜರ್ಲೆಂಡ್, ಸ್ಪೇನ್ ದೇಶದವರದೇ ಮೇಲುಗೈ. ಸ್ಪೇನಿನ ಕಿಲಿಯನ್ ಜೊರ್ನೆತ್, ಫ್ರಾನ್ಸಿನ ಲೆತೀಸಿಯಾ ರೂ ಇವರು ಹಲವು ಸಲ ವಿಶ್ವ ಪದವಿ ಗೆದ್ದವರು. 2020ರ ಲೋಸಾನ್ ಯುವ ಒಲಿಂಪಿಕ್ಸ್‌ನಲ್ಲಿ ಆಟ ಸೇರಿತು; 2021ರಲ್ಲಿ ದೊಡ್ಡ ಒಲಿಂಪಿಕ್ಸ್‌ಗೂ ಒಪ್ಪಿಗೆ ದೊರೆಯಿತು.

ಒಲಿಂಪಿಕ್ಸ್‌ಗೆ ಆರಿಸಿದ್ದು ಗಂಡಸರ ಸ್ಪ್ರಿಂಟ್, ಹೆಂಗಸರ ಸ್ಪ್ರಿಂಟ್, ಒಬ್ಬ ಗಂಡಸು ಒಬ್ಬ ಹೆಂಗಸು ಕೂಡಿ ಓಡುವ ಸರದಿ, ಹೀಗೆ ಮೂರನ್ನೇ. ಸ್ಪ್ರಿಂಟ್ ಎಂದರೆ ಸುಮಾರು ಮೂರು ನಿಮಿಷದ ಮಾತು. ಹತ್ತುವುದು, ಹಲಗೆ ಬಿಚ್ಚಿ ಮೆಟ್ಟಿಲೇರುವುದು, ಮತ್ತೆ ಕಟ್ಟಿ ಹತ್ತುವುದು, ಪಟ್ಟಿ ಕಿತ್ತು ಇಳಿಯುವುದು, ಎಲ್ಲವೂ ಅಷ್ಟರಲ್ಲೇ. ಐದಾರು ಗಂಟೆ ಹಿಮನದಿ ದಾಟುವವರಿಗೆ ಇದು ಪುರಾಣದ ಬದಲು ಒಂದೇ ಪದ್ಯ ಓದಿದಂತೆ ತೋರಿದರೆ ಆಶ್ಚರ್ಯವಿಲ್ಲ. ಆದರೆ ಇನ್ನೊಂದು ಪಕ್ಷವೂ ನ್ಯಾಯವಾದದ್ದೇ. ಗಿಡ್ಡ ಓಟದಲ್ಲಿ ಬಿರುಕಿಗೆ ಬೀಳುವ ಭಯವಿಲ್ಲ. ನೋಡುವವರಿಗೆ ಮೊದಲಿಂದ ಕಡೆಯವರೆಗೂ ಕಣ್ಣೆದುರಿಗೇ ಕಾಣುತ್ತದೆ. ಎತ್ತರದ ಹಿಮನದಿಗಳಿಲ್ಲದ ದೇಶವೂ ಒಂದು ಹಿಮದ ದಿಣ್ಣೆಯಲ್ಲಿ ಮಕ್ಕಳನ್ನು ಪಳಗಿಸಬಹುದು. ನಮಗೆ ತೋರುವಂತೆ ಎರಡಕ್ಕೂ ಜಾಗವಿದೆ. ಗಿಡ್ಡ ಓಟ ಆಟವನ್ನು ಜಗತ್ತಿಗೆ ಪರಿಚಯಿಸಲಿ. ಆದರೆ ಅದರ ಬೇರು ಆ ಉದ್ದನೆಯ ದಾರಿಯಲ್ಲಿದೆ ಎಂಬುದು ಮರೆಯಬಾರದು.

ನಮ್ಮ ದೇಶದಲ್ಲಿಯೂ ಈ ಆಟ ಕಾಲೂರುತ್ತಿದೆ. ಕಾಶ್ಮೀರದ ಗುಲ್ಮಾರ್ಗ್‌ನಲ್ಲಿ ನಡೆಯುವ ಖೇಲೋ ಇಂಡಿಯಾ ಚಳಿಗಾಲದ ಆಟಗಳಲ್ಲಿ ಸ್ಕೀ ಮೌಂಟನಿಯರಿಂಗ್ ಸೇರಿದೆ. ಹಿಮವೇ ಕಾಣದ ನಾಡಿನವರಿಗೆ ಇದು ದಕ್ಕೀತೇ ಎಂದು ಸಂಶಯಪಡಬೇಕಾಗಿಲ್ಲ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರು ಇದರ ನೆರೆಯ ಆಟವಾದ ನಾರ್ಡಿಕ್ ಸ್ಕೀಯಲ್ಲಿ ಅದೇ ಗುಲ್ಮಾರ್ಗ್‌ನಲ್ಲಿ ಕರ್ನಾಟಕಕ್ಕೆ ಪದಕ ತಂದುಕೊಟ್ಟಿದ್ದಾರೆ.

ಕಡೆಯದಾಗಿ ಒಂದು ಮಾತು. ಹಿಮನದಿಯ ಮೇಲೆ ಮೂವರು ಒಂದೇ ಹಗ್ಗಕ್ಕೆ ಕಟ್ಟಿಕೊಂಡಾಗ, ಅವರಲ್ಲಿ ಅತಿ ನಿಧಾನವಾಗಿ ನಡೆಯುವವನ ವೇಗವೇ ತಂಡದ ವೇಗ. ಆದ್ದರಿಂದ ದಣಿದವನ ಸೊಂಟಕ್ಕೆ ರಬ್ಬರಿನ ಹುರಿ ಸಿಕ್ಕಿಸಿ, ಬಲವುಳ್ಳವನು ಮುಂದಿನಿಂದ ಎಳೆಯುವುದು ಅಲ್ಲಿ ವಾಡಿಕೆ. ಅದನ್ನು ಯಾರೂ ನಾಚಿಕೆಯೆಂದು ಬಗೆಯುವುದಿಲ್ಲ. ಇಂದು ಎಳೆಸಿಕೊಂಡವನು ಮುಂದಿನ ಏರಿನಲ್ಲಿ ಎಳೆಯುವವನಾಗಬಹುದು. ಊರು ಬಿಟ್ಟು ಬಂದು ಒಂದೇ ಕೋಣೆಯಲ್ಲಿ ನಾಲ್ವರು ಕೂಡಿ ಬಾಳುವ ನಮ್ಮಂಥವರಿಗೆ ಈ ಲೆಕ್ಕವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.