ಎಣ್ಣೆಯಷ್ಟೇ ಜೋಪಾನ ಬೇಕಾದ ದಾಖಲೆ

ಗಂಗಾವತಿಯಲ್ಲಾಗಲಿ ಕುಷ್ಟಗಿಯಲ್ಲಾಗಲಿ, ಪೆಟ್ರೋಲ್ ಬಂಕಿಗೆ ಟ್ಯಾಂಕರ್ ಬಂದರೆ ಇಂಧನ ಇಳಿಸುವ ಮೊದಲು ತಾಳೆ ನೋಡಬೇಕೆಂಬುದು ನಿಯಮ. ಜಾಡಿಗೆ ಮಾದರಿ ತೆಗೆದು ಹೈಡ್ರೋಮೀಟರ್ ಇಳಿಬಿಟ್ಟು ಸಾಂದ್ರತೆ ಅಳೆಯುತ್ತಾರೆ. ಬಿಸಿಲಿಗೆ ಎಣ್ಣೆ ಹಿಗ್ಗುವುದರಿಂದ ಅದನ್ನು 15 ಡಿಗ್ರಿ ಸೆಲ್ಸಿಯಸ್‌ನ ಲೆಕ್ಕಕ್ಕೆ ತರುತ್ತಾರೆ. ಚಲನ್‌ನಲ್ಲಿ ಬರೆದಿರುವುದಕ್ಕೂ ಇದಕ್ಕೂ ಘನ ಮೀಟರಿಗೆ 3 ಕಿಲೋಗ್ರಾಂಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಸಂಶಯಪಡಲೇಬೇಕು. ಚಲನ್‌ನ ಅಂಕಿ ಸರಿಯಿಲ್ಲದಿದ್ದರೆ ಈ ಪರೀಕ್ಷೆಗೆ ಅರ್ಥವೇ ಇಲ್ಲ. ತೈಲ ಉದ್ಯಮದಲ್ಲಿ ದಾಖಲೆಯೂ ಸರಕಿನ ಒಂದು ಭಾಗ. ಅದನ್ನು ಕಾಯುವ ಹೊಣೆ ಗುಮಾಸ್ತಿಕೆಯದಲ್ಲ, ಸುರಕ್ಷತೆಯದು.

ನಮ್ಮ ರಾಜ್ಯದ ಒಂದೇ ತೈಲ ಸಂಸ್ಕರಣಾಗಾರ, ಮಂಗಳೂರಿನ ಎಂಆರ್‌ಪಿಎಲ್‌ನ ಚರಿತ್ರೆ ನೋಡಿದರೆ ಈ ಕೆಲಸದ ಗಾತ್ರ ಅರಿವಾಗುತ್ತದೆ. 1988ರಲ್ಲಿ ಎಚ್‌ಪಿಸಿಎಲ್ ಮತ್ತು ಬಿರ್ಲಾ ಸಮೂಹದ ಜಂಟಿ ಕಂಪನಿಯಾಗಿ ಹುಟ್ಟಿದ ಅದು 2003ರಲ್ಲಿ ಒಎನ್‌ಜಿಸಿಯ ಕೈಸೇರಿತು. ವರ್ಷಕ್ಕೆ 30 ಲಕ್ಷ ಟನ್ನಿನಿಂದ ಶುರುವಾದ ಸಾಮರ್ಥ್ಯ ಹಂತ ಹಂತವಾಗಿ 150 ಲಕ್ಷ ಟನ್ನಿಗೆ ಏರಿತು. 2022ರಲ್ಲಿ ಪಕ್ಕದ ಪೆಟ್ರೋಕೆಮಿಕಲ್ ಕಂಪನಿ ಒಎಂಪಿಎಲ್ ಅದರಲ್ಲಿ ವಿಲೀನವಾಯಿತು. ಇಂಥ ಪ್ರತಿ ಹಂತದಲ್ಲೂ ಯಾವುದೇ ಕಂಪನಿಗೆ ಹೊಸ ನಕ್ಷೆ, ಹೊಸ ಪೈಪು, ಹೊಸ ಕವಾಟ, ಹೊಸ ಗುರುತು ಸಂಖ್ಯೆ ಸೇರುತ್ತವೆ. ಒಂದೇ ಪಂಪಿಗೆ ದುರಸ್ತಿ ವಿಭಾಗದಲ್ಲಿ ಒಂದು ಹೆಸರು, ಉಗ್ರಾಣದಲ್ಲಿ ಇನ್ನೊಂದು ಹೆಸರು ಇದ್ದರೆ, ಅದನ್ನು ಕೊನೆಯ ಸಲ ಬಿಚ್ಚಿ ನೋಡಿದ್ದು ಯಾವಾಗ ಎಂದು ಯಾರೂ ಖಚಿತವಾಗಿ ಹೇಳಲಾರರು.

ಹಳೆಯ ಕಾಗದ ಜೀವವನ್ನೇ ತೆಗೆಯಬಲ್ಲದು ಎಂಬುದಕ್ಕೆ ಅಮೆರಿಕದ ಟೆಕ್ಸಾಸ್ ಸಿಟಿ ಸಾಕ್ಷಿ. 2005ರ ಮಾರ್ಚ್ 23ರಂದು ಅಲ್ಲಿನ ಬಿಪಿ ಸಂಸ್ಕರಣಾಗಾರದಲ್ಲಿ ಒಂದು ಗೋಪುರಕ್ಕೆ ದ್ರವ ತುಂಬುತ್ತಲೇ ಹೋಯಿತು. ಒಳಗೆ ಮಟ್ಟ 150 ಅಡಿ ದಾಟಿದ್ದಾಗಲೂ ನಿಯಂತ್ರಣ ಕೊಠಡಿಯ ಪರದೆ 10 ಅಡಿಗಿಂತ ಕಡಿಮೆ ತೋರಿಸುತ್ತಿತ್ತು, ಅದೂ ಇಳಿಯುತ್ತಿದೆಯೆಂದು. ಉಕ್ಕಿ ಹೊರಬಿದ್ದ ಇಂಧನಕ್ಕೆ ಬೆಂಕಿ ತಗುಲಿ 15 ಜನ ಸತ್ತರು, 180 ಜನ ಗಾಯಗೊಂಡರು. ತನಿಖೆಯಲ್ಲಿ ಅನೇಕ ಲೋಪಗಳು ಹೊರಬಿದ್ದವು. ಅವುಗಳಲ್ಲೊಂದು, ಮಟ್ಟ ಅಳೆಯುವ ಉಪಕರಣವನ್ನು 1975ರ ಮಾಹಿತಿ ಹಾಳೆಯ ಆಧಾರದ ಮೇಲೆ ಹೊಂದಿಸಿದ್ದು. ಗೋಪುರದ ಕೆಲಸ ಬದಲಾಗಿತ್ತು, ಹಾಳೆ ಬದಲಾಗಿರಲಿಲ್ಲ. ಪಾಳಿ ಬದಲಾಗುವಾಗ ಬರೆದಿಟ್ಟ ಟಿಪ್ಪಣಿಯೂ ಅಪೂರ್ಣವಾಗಿತ್ತು.

ಈಗ ಎಲ್ಲವೂ ಕಂಪ್ಯೂಟರಿನಲ್ಲಿದೆಯಲ್ಲ, ಇನ್ನೇನು ಚಿಂತೆ ಎನ್ನುವವರಿದ್ದಾರೆ. ತಪ್ಪು ಅಂಕಿಯನ್ನು ಕಂಪ್ಯೂಟರು ಸರಿಮಾಡುವುದಿಲ್ಲ, ಬೇಗ ಹರಡುತ್ತದೆ ಅಷ್ಟೆ. ಎಲ್ಲವನ್ನೂ ಒಂದೆಡೆ ಸೇರಿಸಿದರೆ ಕಳ್ಳರಿಗೆ ಅನುಕೂಲ ಎಂಬ ಇನ್ನೊಂದು ಆಕ್ಷೇಪವನ್ನು ಮಾತ್ರ ತಳ್ಳಿಹಾಕುವಂತಿಲ್ಲ. 2021ರ ಮೇ ತಿಂಗಳಲ್ಲಿ ಅಮೆರಿಕದ ಕಲೋನಿಯಲ್ ಪೈಪ್‌ಲೈನ್ ಕಂಪನಿಯ ಕಚೇರಿ ಜಾಲಕ್ಕೆ ದಾಳಿಕೋರರು ನುಗ್ಗಿದಾಗ, ಮುನ್ನೆಚ್ಚರಿಕೆಯಾಗಿ ಕಂಪನಿ ಇಡೀ ಪೈಪ್‌ಲೈನನ್ನೇ ನಿಲ್ಲಿಸಿತು. ಬಂಕುಗಳಲ್ಲಿ ಇಂಧನ ಬರಿದಾಯಿತು. ಮರುವರ್ಷ ಅಸ್ಸಾಮಿನ ಆಯಿಲ್ ಇಂಡಿಯಾ ಕೂಡ ಇಂಥ ದಾಳಿಗೆ ಗುರಿಯಾಯಿತು. ಹಾಗೆಂದು ದಾಖಲೆಯನ್ನು ಹತ್ತು ಕಡೆ ಚೆಲ್ಲಿಡುವುದು ರಕ್ಷಣೆಯಾಗದು. ಯಾರು ಯಾವುದನ್ನು ನೋಡಬಹುದು ಎಂದು ಗೊತ್ತುಪಡಿಸಬೇಕು, ಕಚೇರಿ ಜಾಲವನ್ನು ಯಂತ್ರ ನಡೆಸುವ ಜಾಲದಿಂದ ಬೇರ್ಪಡಿಸಬೇಕು, ಜಾಲಕ್ಕೆ ಸೇರಿಸದ ಒಂದು ಪ್ರತಿಯನ್ನು ಬೇರೆಡೆ ಇಡಬೇಕು. ತನ್ನಲ್ಲಿ ಏನೇನಿದೆ ಎಂದು ತಿಳಿಯದ ಕಂಪನಿ ಏನನ್ನು ತಾನೇ ಕಾಯುತ್ತದೆ?

ಇಷ್ಟೆಲ್ಲ ಜೋಪಾನಕ್ಕೆ ತಗಲುವ ಖರ್ಚಿನ ಪ್ರಶ್ನೆಗೂ ಉತ್ತರವಿದೆ. ಕೇಂದ್ರ ಸರ್ಕಾರ 2017ರಲ್ಲಿ ರಾಷ್ಟ್ರೀಯ ದತ್ತಾಂಶ ಭಂಡಾರವನ್ನು ತೆರೆದು, ತೈಲ ಶೋಧನೆಯಲ್ಲಿ ಕಂಪನಿಗಳು ಕಲೆಹಾಕಿದ ಭೂಗರ್ಭದ ಮಾಹಿತಿಯನ್ನು ಒಂದೆಡೆ ತಂದಿತು. ಒಬ್ಬರು ಕೋಟಿಗಟ್ಟಲೆ ಸುರಿದು ನಡೆಸಿದ ಸಮೀಕ್ಷೆ ಮುಂದೆ ಬರುವವರಿಗೂ ದಕ್ಕಬೇಕೆಂಬುದು ಅದರ ಉದ್ದೇಶ. ಜೋಪಾನ ಮಾಡಿದ ದಾಖಲೆ ಆಸ್ತಿಯಾಗುತ್ತದೆ, ಕಳೆದದ್ದನ್ನು ಮತ್ತೆ ದುಡ್ಡು ಕೊಟ್ಟು ಸಂಪಾದಿಸಬೇಕಾಗುತ್ತದೆ. ಆದ್ದರಿಂದ ಕಂಪನಿಗಳು ದುಬಾರಿ ಸಾಫ್ಟ್‌ವೇರ್ ಕೊಳ್ಳುವ ಮೊದಲು ಎರಡು ನಿಯಮಗಳನ್ನು ಒಪ್ಪಿಕೊಳ್ಳಲಿ: ಪ್ರತಿ ದಾಖಲೆಗೂ ಹೆಸರು ಹಿಡಿದು ಹೇಳಬಹುದಾದ ಒಬ್ಬ ಹೊಣೆಗಾರ ಇರಬೇಕು, ಸ್ಥಾವರದಲ್ಲಿ ಮಾಡಿದ ಬದಲಾವಣೆ ನಕ್ಷೆಯಲ್ಲೂ ಹಾಳೆಯಲ್ಲೂ ಮೂಡುವ ತನಕ ಆ ಕೆಲಸ ಮುಗಿಯಿತೆಂದು ಯಾರೂ ಸಹಿ ಹಾಕಬಾರದು.