ಕಾರ್ಲೆಯ ಚೈತ್ಯಗೃಹವೂ ವೈಜಯಂತಿಯ ಭೂತಪಾಲನೂ

ಪುಣೆ ಜಿಲ್ಲೆಯ ಲೋಣಾವಳದ ಸಮೀಪದಲ್ಲಿ, ಬೆಟ್ಟದ ಬಂಡೆಯನ್ನು ಕೊರೆದು ನಿರ್ಮಿಸಿದ ಕಾರ್ಲೆಯ ಬೌದ್ಧ ಚೈತ್ಯಗೃಹವು ಕನ್ನಡಿಗರ ವಿಶೇಷ ಗಮನಕ್ಕೆ ಅರ್ಹವಾದುದು. ಜಂಬೂದ್ವೀಪದಲ್ಲಿಯೇ ಉತ್ತಮವಾದ ಈ ಶೈಲಗೃಹವನ್ನು ವೈಜಯಂತಿಯ ಶ್ರೇಷ್ಠಿ ಭೂತಪಾಲನು ಪೂರ್ಣಗೊಳಿಸಿದನೆಂದು ಅದರ ಮುಖಮಂಟಪದ ಪ್ರಾಕೃತ ಶಾಸನವೊಂದು ಸಾರುತ್ತದೆ. ವೈಜಯಂತಿಯೆಂದರೆ ನಮ್ಮ ಬನವಾಸಿಯೆಂಬುದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪಿರುವ ಮತ. ಹಾಗಾದರೆ ಈ ಮಹಾಕೃತಿಯು ಬನವಾಸಿಯ ಒಬ್ಬನೇ ವರ್ತಕನ ಕೊಡುಗೆಯೆ? ಇದಕ್ಕೆ ಉತ್ತರವನ್ನು ನಾವು ಕಟ್ಟಡದಲ್ಲಿಯೇ ಅರಸಬೇಕು.

ಚೈತ್ಯಗೃಹದ ಒಳ ಉದ್ದ ಸುಮಾರು 124 ಅಡಿ, ಅಗಲ ಸುಮಾರು 45 ಅಡಿ. ಹಿಂಬದಿಯು ಅರ್ಧವೃತ್ತಾಕಾರವಾಗಿದ್ದು, ಅಲ್ಲಿ ಬಂಡೆಯಲ್ಲಿಯೇ ಕಡೆದ ಸ್ತೂಪವಿದೆ. ನಡುವಣ ಅಂಗಣದ ಎರಡು ಪಾರ್ಶ್ವಗಳಲ್ಲಿ ಹದಿನೈದು ಹದಿನೈದು ಕಂಬಗಳೂ ಸ್ತೂಪದ ಹಿಂದೆ ಏಳು ಸರಳವಾದ ಅಷ್ಟಕೋನ ಕಂಬಗಳೂ ನಿಂತಿವೆ. ಕಂಬಗಳ ಸಾಲಿನ ಆಚೆಗಿರುವ ಓಣಿಯು ಪ್ರದಕ್ಷಿಣಪಥವಾಗುತ್ತದೆ. ಪಾರ್ಶ್ವದ ಕಂಬಗಳಿಗೆ ಕುಂಭಾಕೃತಿಯ ಪೀಠ. ಬೋದಿಗೆಗಳ ಮೇಲೆ ಮಂಡಿಯೂರಿದ ಆನೆಗಳು, ಅವುಗಳನ್ನೇರಿದ ಸ್ತ್ರೀಪುರುಷರು.

ಕಮಾನಿನ ಚಾವಣಿಗೆ ಅಳವಡಿಸಿದ ಮರದ ಪಕ್ಕೆಗಳೂ ಸ್ತೂಪದ ಮೇಲಣ ಮರದ ಛತ್ರವೂ ಇಂದಿಗೂ ಉಳಿದಿವೆ. ಅಖಂಡ ಬಂಡೆಯ ಚಾವಣಿಗೆ ಈ ಪಕ್ಕೆಗಳ ಆಧಾರ ಬೇಕಿಲ್ಲ. ಮರದ ಚೈತ್ಯಗಳನ್ನು ಕಟ್ಟಿ ರೂಢಿಯಾದ ಪರಂಪರೆಯು ಕಲ್ಲಿಗೆ ಬಂದ ಮೇಲೂ ಹಳೆಯ ರೂಪವನ್ನು ಬಿಡಲಿಲ್ಲವೆಂಬುದು ಇದರಿಂದ ವಿಶದವಾಗುತ್ತದೆ. ಧೇನುಕಾಕಟದ ಸಾಮಿಯೆಂಬ ಬಡಗಿಯೇ ದ್ವಾರಮುಖವನ್ನು ಮಾಡಿದನೆಂಬ ಶಾಸನೋಕ್ತಿಯು ಈ ಅಭಿಪ್ರಾಯಕ್ಕೆ ಪುಷ್ಟಿ ಕೊಡುತ್ತದೆ.

ಇನ್ನು ದಾನಿಗಳ ವಿಚಾರ. ದ್ವಾರಮುಖವು ಸಿಂಹದತ್ತನೆಂಬ ಗಂಧದ ವ್ಯಾಪಾರಿಯ ದಾನ. ಹೊರಗಿನ ಸಿಂಹಸ್ತಂಭವು ಮಹಾರಠಿ ಅಗ್ನಿಮಿತ್ರಣಕನದು. ಒಳಗಿನ ಅನೇಕ ಕಂಬಗಳ ಮೇಲೆ ಬೇರೆ ಬೇರೆ ದಾನಿಗಳ ಹೆಸರುಗಳಿವೆ. ಅವರಲ್ಲಿ ಧೇನುಕಾಕಟದ ಯವನರೂ ಸೇರಿದ್ದಾರೆ. ಆದುದರಿಂದ ಭೂತಪಾಲನ ಶಾಸನದಲ್ಲಿರುವ 'ಪೂರ್ಣಗೊಳಿಸಿದ'ನೆಂಬ ಮಾತನ್ನು ಅಕ್ಷರಶಃ ಗ್ರಹಿಸುವುದೇ ಯುಕ್ತ. ಹಲವರು ಹಂಚಿಕೊಂಡ ಕಾರ್ಯವನ್ನು ಅವನು ಮುಗಿತಾಯಕ್ಕೆ ತಂದನೇ ಹೊರತು, ಸರ್ವವನ್ನೂ ತಾನೊಬ್ಬನೇ ಮಾಡಿಸಿದನೆಂದು ತಿಳಿಯಲು ಆಧಾರವಿಲ್ಲ.

ಆ ಮುಗಿತಾಯವೂ ಕೊನೆಯದಾಗಲಿಲ್ಲ. ಮುಂಭಾಗದ ಗೋಡೆಯಲ್ಲಿ ಗಂಭೀರವಾದ ಮಿಥುನಶಿಲ್ಪಗಳ ನಡುವೆ ಇರುವ ಬುದ್ಧಮೂರ್ತಿಗಳು, ಕ್ರಿ.ಶ. ಸುಮಾರು 1-2ನೆಯ ಶತಮಾನದ ಮೂಲ ಯೋಜನೆಗೆ ಸೇರಿದವುಗಳಲ್ಲ. ಅವು ಹಲವು ಶತಮಾನಗಳ ತರುವಾಯ ಕಡೆದವು. ಸ್ತೂಪವೇ ಪೂಜ್ಯವಾಗಿದ್ದ ಆಲಯಕ್ಕೆ ಮೂರ್ತಿಪೂಜೆಯು ಬಂದು ಸೇರಿದ ಬಗೆಯನ್ನು ಒಂದೇ ಗೋಡೆಯು ತೋರಿಸುತ್ತದೆ.

ಬನವಾಸಿಯ ಪಾಲು ಇದರಿಂದ ಕಿರಿದಾಯಿತೆಂದು ಭಾವಿಸಬೇಕಾಗಿಲ್ಲ. ಕದಂಬರಿಗಿಂತಲೂ ಹಿಂದೆಯೇ ಆ ನಗರದ ವರ್ತಕನೊಬ್ಬನು ಸಹ್ಯಾದ್ರಿಯ ದೂರದ ಘಟ್ಟದಲ್ಲಿ ಯವನರು, ಬಡಗಿಗಳು, ಭಿಕ್ಷುಗಳೊಡನೆ ಒಂದು ಧರ್ಮಕಾರ್ಯದಲ್ಲಿ ಕೈಗೂಡಿಸಿದ್ದನು. ಶಿಲ್ಪವನ್ನೂ ಶಾಸನವನ್ನೂ ಕೂಡಿಸಿ ಓದಿದಾಗಲೇ ಈ ಸಂಗತಿ ನಮಗೆ ಗೋಚರವಾಗುವುದು.