ಸಣ್ಣ ಎಂಜಿನ್ನು, ದೊಡ್ಡ ತೊಡಕು: ಐದು ತಾಲ್ಲೂಕುಗಳಲ್ಲಿ ಟಿಲ್ಲರ್ ದುರಸ್ತಿಯ ಸಮಸ್ಯೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಹಾಗೂ ಹರಪನಹಳ್ಳಿ ತಾಲ್ಲೂಕುಗಳ ಹೊಲಗಳಲ್ಲಿ ಎತ್ತುಗಳ ಸಂಖ್ಯೆ ಇಳಿಮುಖವಾಗಿ, ಅವುಗಳ ಸ್ಥಾನವನ್ನು ಮೊದಲು ಟ್ರ್ಯಾಕ್ಟರುಗಳೂ ಅನಂತರ ಅವುಗಳಿಗಿಂತ ಚಿಕ್ಕದಾದ ಪವರ್ ಟಿಲ್ಲರ್, ಪವರ್ ವೀಡರ್, ಮಿನಿ ಟ್ರ್ಯಾಕ್ಟರ್ ಮತ್ತು ಹೆಗಲಿಗೆ ತಗುಲಿಸಿಕೊಂಡು ಹುಲ್ಲು ಕೊಯ್ಯುವ ಬ್ರಷ್ ಕಟ್ಟರುಗಳೂ ಆಕ್ರಮಿಸಿಕೊಂಡಿರುವುದು ನಮ್ಮ ವ್ಯಾಪಾರಿ ಬಾಂಧವರೆಲ್ಲರಿಗೂ ತಿಳಿದ ಸಂಗತಿ. ಕೇಂದ್ರ ಸರ್ಕಾರವು 2014-15ರಲ್ಲಿ ಕೃಷಿ ಯಾಂತ್ರೀಕರಣ ಉಪ ಅಭಿಯಾನವನ್ನು ಆರಂಭಿಸಿದ ಬಳಿಕ ಸಹಾಯಧನದ ಮೂಲಕ ಇಂತಹ ಯಂತ್ರಗಳು ಹಳ್ಳಿಹಳ್ಳಿಯನ್ನು ತಲುಪಿವೆ. ಕೊಳ್ಳುವುದರ ಬಗ್ಗೆ ಸಭೆಗಳಾಗಿವೆ, ಪ್ರಾತ್ಯಕ್ಷಿಕೆಗಳಾಗಿವೆ, ಕರಪತ್ರಗಳು ಹಂಚಲ್ಪಟ್ಟಿವೆ. ಕೊಂಡ ಯಂತ್ರ ಕೆಟ್ಟು ನಿಂತಾಗ ಏನು ಮಾಡಬೇಕೆಂಬ ಬಗ್ಗೆ ಮಾತ್ರ ಹೇಳುವವರು ವಿರಳ.

ಸ್ವಂತ ಅನುಭವವೊಂದನ್ನು ಇಲ್ಲಿ ಹೇಳುವುದು ಅಪ್ರಸ್ತುತವಾಗಲಾರದು. ಕೆಲವು ವರ್ಷಗಳ ಹಿಂದೆ ರೋಹಿಣಿ ಮಳೆ ಬಿದ್ದು ನೆಲ ಹದವಾಗಿದ್ದ ವಾರದಲ್ಲಿಯೇ ನಮ್ಮ ಮನೆಯ ಟಿಲ್ಲರಿನ ಗೇರ್‌ಪೆಟ್ಟಿಗೆಯಿಂದ ಎಣ್ಣೆ ಸೋರತೊಡಗಿತು. ಕೆಟ್ಟಿದ್ದು ಅಂಗೈಯಗಲದ ಒಂದು ಆಯಿಲ್ ಸೀಲ್. ಮಾರಿದ ಅಂಗಡಿಯವರು ನಾಲ್ಕು ದಿನಗಳಲ್ಲಿ ತರಿಸಿಕೊಡುವುದಾಗಿ ಹೇಳಿ, ಹನ್ನೊಂದನೆಯ ದಿನ ಬೇರೆ ಅಳತೆಯ ಸೀಲನ್ನು ಕೈಗಿತ್ತರು. ಅಷ್ಟರಲ್ಲಿ ಹದ ಆರಿಹೋಗಿತ್ತು. ಬಾಡಿಗೆ ಟ್ರ್ಯಾಕ್ಟರಿನಿಂದ ಹರಗಿಸಿ ಬಿತ್ತಿದ್ದಾಯಿತು. ಕೊನೆಗೆ ಹಳೆಯ ಸೀಲನ್ನು ಜೇಬಿನಲ್ಲಿಟ್ಟುಕೊಂಡು ಕೊಟ್ಟೂರಿನ ಬೇರಿಂಗ್ ಅಂಗಡಿಯೊಂದಕ್ಕೆ ಹೋದಾಗ, ಅಲ್ಲಿನ ಹುಡುಗನು ಅದರ ಅಂಚನ್ನು ಒರೆಸಿ, 35-52-7 ಎಂದು ಓದಿ, ಹಿಂದಿನ ಗೂಡಿನಿಂದ ಅದೇ ಅಳತೆಯ ಸೀಲನ್ನು ತೆಗೆದುಕೊಟ್ಟನು. ಒಳವ್ಯಾಸ 35 ಮಿಲಿಮೀಟರ್, ಹೊರವ್ಯಾಸ 52, ದಪ್ಪ 7. ಹನ್ನೊಂದು ದಿನ ಕಾದ ವಸ್ತು ಊರಿನಲ್ಲಿಯೇ ಇತ್ತು!

ಬಿಡಿಭಾಗವಲ್ಲ, ಅಳತೆ

ಸಣ್ಣ ಯಂತ್ರಗಳಲ್ಲಿ ಪದೇಪದೇ ಹಾಳಾಗುವ ಭಾಗಗಳಲ್ಲಿ ಬಹುಪಾಲು ಆಯಾ ಕಂಪನಿಗೆ ಮಾತ್ರ ಸೇರಿದವುಗಳಲ್ಲ. 6204 ಎಂಬ ಸಂಖ್ಯೆಯ ಬೇರಿಂಗ್ ಯಾವ ಡಬ್ಬಿಯಲ್ಲಿ ಬಂದರೂ ಅದರ ಒಳವ್ಯಾಸ 20, ಹೊರವ್ಯಾಸ 47, ಅಗಲ 14 ಮಿಲಿಮೀಟರ್. 6205 ಆದರೆ 25, 52, 15. 'ಬಿ' ವರ್ಗದ ವಿ-ಬೆಲ್ಟಿನ ಮೇಲುಭಾಗದ ಅಗಲ 17 ಮಿಲಿಮೀಟರ್ ಆಗಿದ್ದು, ಅಕ್ಷರದ ಮುಂದಿನ ಅಂಕಿಯು ಉದ್ದವನ್ನು ಇಂಚುಗಳಲ್ಲಿ ಸೂಚಿಸುತ್ತದೆ. ಇದನ್ನು ಅರಿತ ವ್ಯಾಪಾರಿಯು ಇಪ್ಪತ್ತು ಮಾದರಿಯ ಟಿಲ್ಲರುಗಳಿಗೆ ಇಪ್ಪತ್ತು ಬಗೆಯ ದಾಸ್ತಾನನ್ನು ಇಡಬೇಕಾಗಿಲ್ಲ. ಹೆಚ್ಚು ಬಿಕರಿಯಾಗುವ ಅಳತೆಗಳ ಸೀಲು, ಬೇರಿಂಗು, ಬೆಲ್ಟುಗಳನ್ನಿಟ್ಟು, ಯಾವ ಯಂತ್ರದ ಯಾವ ಜಾಗಕ್ಕೆ ಯಾವ ಸಂಖ್ಯೆ ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಸಾಕು. ಆ ಪುಸ್ತಕವೇ ಅಂಗಡಿಯ ಬಂಡವಾಳ.

ಗೇರು, ಪಿಸ್ಟನ್, ಇಂಧನ ಪಂಪು ಮುಂತಾದವುಗಳ ವಿಷಯ ಬೇರೆ. ಇವು ತಯಾರಕರಿಂದಲೇ ಬರಬೇಕು. ಬೆಂಗಳೂರಿನಲ್ಲಿ 1967ರಲ್ಲಿ ಜಪಾನಿನ ಮಿತ್ಸುಬಿಷಿ ಸಹಯೋಗದೊಂದಿಗೆ ಸ್ಥಾಪಿತವಾದ ವಿ.ಎಸ್.ಟಿ., ಕೇರಳ ಸರ್ಕಾರದ ಉದ್ಯಮವಾದ ಕಾಮ್ಕೊ ಮುಂತಾದ ಹಳೆಯ ತಯಾರಕರ ಯಂತ್ರಗಳು ದೀರ್ಘಕಾಲದಿಂದ ಚಾಲ್ತಿಯಲ್ಲಿರುವುದರಿಂದ ಅವುಗಳ ಒಳಗನ್ನು ಬಲ್ಲ ಮೆಕ್ಯಾನಿಕ್ಕುಗಳು ಸಿಗುತ್ತಾರೆ. ತೊಂದರೆಯಿರುವುದು ಅಗ್ಗವೆಂದು ಕೊಂಡ, ಹೆಸರು ಗೊತ್ತಿರದ ಆಮದು ಯಂತ್ರಗಳಲ್ಲಿ. ವಿದೇಶ ವ್ಯಾಪಾರ ಮಹಾನಿರ್ದೇಶನಾಲಯವು 2020ರ ಜುಲೈನಲ್ಲಿ ಪವರ್ ಟಿಲ್ಲರುಗಳನ್ನೂ ಅವುಗಳ ಎಂಜಿನ್, ಗೇರ್‌ಪೆಟ್ಟಿಗೆ ಮುಂತಾದ ಭಾಗಗಳನ್ನೂ ಮುಕ್ತ ಆಮದಿನ ಪಟ್ಟಿಯಿಂದ ನಿರ್ಬಂಧಿತ ಪಟ್ಟಿಗೆ ವರ್ಗಾಯಿಸಿತು. ದೇಶೀಯ ತಯಾರಿಕೆಗೆ ಇದು ಅನುಕೂಲವೇ ಸರಿ; ಆದರೆ ಅದಕ್ಕೆ ಮುನ್ನ ಆಮದು ಯಂತ್ರವನ್ನು ಕೊಂಡಿದ್ದ ಬಡ ಒಕ್ಕಲಿಗನು ಒಂದು ಗೇರಿಗಾಗಿ ಇಡೀ ಯಂತ್ರವನ್ನು ಗುಜರಿಗೆ ಹಾಕುವ ಪರಿಸ್ಥಿತಿಯೂ ಉಂಟಾಗುತ್ತದೆ. ಇಂತಹ ಕಡೆ ನಮ್ಮ ಲೇತ್ ಕಾರ್ಖಾನೆಗಳಿಗೆ ಕೆಲಸವಿದೆ. ಹರಿಹರದಲ್ಲಿ 1941ರಲ್ಲಿ ಆರಂಭಗೊಂಡ ಮೈಸೂರು ಕಿರ್ಲೋಸ್ಕರ್ ಮುಚ್ಚಿಹೋಗಿ ವರ್ಷಗಳೇ ಕಳೆದಿದ್ದರೂ ಅಲ್ಲಿ ತಯಾರಾದ ಲೇತುಗಳು ಇನ್ನೂ ತಿರುಗುತ್ತಿವೆ. ಶಾಫ್ಟು, ಬುಷ್, ಪುಲ್ಲಿ, ಟಿಲ್ಲರಿನ ಕತ್ತಿ ಇವೆಲ್ಲವನ್ನೂ ಸ್ಥಳೀಯವಾಗಿ ಮಾಡಬಹುದು. ಕತ್ತಿಗೆ ಮೆದು ಕಬ್ಬಿಣವನ್ನು ಬಳಸಿ ಹೆಸರು ಕೆಡಿಸಿಕೊಂಡವರೂ ಇದ್ದಾರೆ. ಮಸಾರಿ ನೆಲದ ಗರಸು ಅಂತಹ ಕತ್ತಿಯನ್ನು ಬಲುಬೇಗ ಸವೆಸಿಬಿಡುತ್ತದೆ. ಇಂಗಾಲದಂಶ ಹೆಚ್ಚಿರುವ ಉಕ್ಕನ್ನು ತಂದು, ಸರಿಯಾಗಿ ಹದಹಾಕಿದರೆ ಮಾತ್ರ ಬಾಳಿಕೆ ಬರುತ್ತದೆ.

ಧೂಳೇ ವೈರಿ

ಕೂಡ್ಲಿಗಿ ಕಡೆಯ ಕೆಂಪು ಧೂಳಾಗಲಿ, ಹಡಗಲಿ ಕಡೆಯ ಎರೆ ಮಣ್ಣಿನ ಹುಡಿಯಾಗಲಿ ಎಂಜಿನ್ನಿನ ಒಳಹೊಕ್ಕರೆ ಸಿಲಿಂಡರನ್ನು ಮರಳು ಕಾಗದದಂತೆ ಉಜ್ಜುತ್ತದೆ. ಸ್ಟಾರ್ಟ್ ಆಗುವುದು ತಡವಾಯಿತೆಂದು ಏರ್ ಫಿಲ್ಟರನ್ನೇ ಕಳಚಿಟ್ಟು ಓಡಿಸುವ ಅಭ್ಯಾಸವು ನಮ್ಮಲ್ಲಿ ವ್ಯಾಪಕವಾಗಿದೆ. ಇದಕ್ಕಿಂತ ದುಬಾರಿಯಾದ ಉಪಾಯ ಮತ್ತೊಂದಿಲ್ಲ. ಎಣ್ಣೆ ತುಂಬುವ ಮಾದರಿಯ ಫಿಲ್ಟರಿನಲ್ಲಿ ಧೂಳು ಕೂಡಿ ಎಣ್ಣೆ ಗಟ್ಟಿಯಾಗಿದೆಯೇ ಎಂದು ಒಣ ನೆಲದಲ್ಲಿ ದುಡಿಸುವಾಗ ದಿನವೂ ನೋಡಬೇಕು. ಸ್ಪಂಜಿನದಾದರೆ ಸಾಬೂನು ನೀರಿನಲ್ಲಿ ತೊಳೆದು, ಒಣಗಿಸಿ, ಎಣ್ಣೆಯಲ್ಲಿ ಅದ್ದಿ ಹಿಂಡಿ ಹಾಕಬೇಕು. ಗಾಳಿಯಿಂದ ತಂಪಾಗುವ ಚಿಕ್ಕ ನಾಲ್ಕು-ಸ್ಟ್ರೋಕ್ ಎಂಜಿನ್ನುಗಳಲ್ಲಿ ಎಣ್ಣೆ ಹಿಡಿಯುವುದೇ ಅರ್ಧ ಲೀಟರಿನ ಆಸುಪಾಸು. ಮೊದಲ 20 ಗಂಟೆಗಳಿಗೊಮ್ಮೆ, ಅನಂತರ ಪ್ರತಿ 100 ಗಂಟೆಗಳಿಗೊಮ್ಮೆ ಬದಲಿಸಬೇಕೆಂದು ಕೈಪಿಡಿಗಳಲ್ಲಿ ಸಾಮಾನ್ಯವಾಗಿ ಇರುತ್ತದೆ. ಕೈಪಿಡಿ ಇಂಗ್ಲಿಷಿನಲ್ಲಿದ್ದರೆ ಓದುವವರಾರು? ಮಾರುವ ಅಂಗಡಿಯವರೇ ಅರ್ಧ ಹಾಳೆಯಷ್ಟು ಕನ್ನಡದಲ್ಲಿ ಮುದ್ರಿಸಿ ಯಂತ್ರಕ್ಕೆ ಅಂಟಿಸಿಕೊಟ್ಟರೆ ಆಗುವ ಖರ್ಚು ಅತ್ಯಲ್ಪ.

ಪೆಟ್ರೋಲಿನ ಯಂತ್ರಗಳಿಗೆ ಈಗ ಹೊಸದೊಂದು ತೊಡಕು ಸೇರಿಕೊಂಡಿದೆ. ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲು ತೇವವನ್ನು ಹೀರಿಕೊಳ್ಳುವುದರಿಂದ, ಹಂಗಾಮು ಮುಗಿದ ಮೇಲೆ ಟ್ಯಾಂಕಿನಲ್ಲಿಯೇ ಬಿಟ್ಟ ವೀಡರ್ ಅಥವಾ ಬ್ರಷ್ ಕಟ್ಟರಿನ ಕಾರ್ಬುರೇಟರ್ ಮುಂದಿನ ಮಳೆಗಾಲಕ್ಕೆ ಜಿಡ್ಡುಗಟ್ಟಿರುತ್ತದೆ. ಯಂತ್ರವನ್ನು ಮೂಲೆಗಿಡುವ ಮುನ್ನ ಟ್ಯಾಂಕನ್ನು ಬರಿದು ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಬೇಕು.

ಇನ್ನು ಕುಳಿತು ಓಡಿಸುವ ಹುಲ್ಲು ಕತ್ತರಿಸುವ ಯಂತ್ರದ ಮಾತು. ಬೆಂಗಳೂರಿನ ಗಾಲ್ಫ್ ಮೈದಾನಗಳಲ್ಲಿ ಬಳಕೆಯಲ್ಲಿರುವ ಇಂತಹ ಯಂತ್ರವನ್ನು ನಮ್ಮ ಭಾಗದ ಶಾಲಾ ಕಾಲೇಜುಗಳು, ಕಲ್ಯಾಣ ಮಂಟಪಗಳವರು ಹಳೆಯದೊಂದು ಸಿಕ್ಕಿತೆಂದು ತರಲು ಯೋಚಿಸುವುದುಂಟು. ಅದರಲ್ಲಿ ಕೆಡುವುದೂ ಇವೇ: ಬೆಲ್ಟು, ಕತ್ತಿಯ ಶಾಫ್ಟಿನ ಬೇರಿಂಗು, ಕಾರ್ಬುರೇಟರು, ಬ್ಯಾಟರಿ. ಕಲ್ಲಿರುವ ನಮ್ಮ ನೆಲದಲ್ಲಿ ಕತ್ತಿ ಕಲ್ಲಿಗೆ ಬಡಿದರೆ ಶಾಫ್ಟು ಬಾಗುತ್ತದೆ. ಎರಡು ಎಕರೆ ಸಮತಟ್ಟಾದ ಹುಲ್ಲುಹಾಸು ಇಲ್ಲದವರು ಬ್ರಷ್ ಕಟ್ಟರಿನಲ್ಲೇ ತೃಪ್ತಿಪಡುವುದು ಲೇಸೆಂದು ನನ್ನ ಅಭಿಪ್ರಾಯ.

ತೆರಿಗೆ ಮತ್ತು ಕಾನೂನು

2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರುಗಳ ಮೇಲಿನ ಹಾಗೂ ಉಳುಮೆ ಮತ್ತು ಕೊಯ್ಲಿನ ಯಂತ್ರಗಳ ಮೇಲಿನ ಜಿ.ಎಸ್.ಟಿ. ಶೇಕಡಾ 12ರಿಂದ 5ಕ್ಕೆ ಇಳಿದಿದೆ. ಟ್ರ್ಯಾಕ್ಟರಿನ ಟೈರು ಮತ್ತು ಕೆಲವು ನಿರ್ದಿಷ್ಟ ಭಾಗಗಳು 18ರಿಂದ 5ಕ್ಕೆ ಬಂದಿವೆ. ಆದರೆ ಬೇರಿಂಗ್ ಮತ್ತು ಎಂಜಿನ್ ಎಣ್ಣೆ ಶೇಕಡಾ 18ರಲ್ಲಿಯೇ ಉಳಿದಿವೆ. ಆದ್ದರಿಂದ ಬಿಲ್ಲು ಬರೆಯುವಾಗ ಪ್ರತಿ ವಸ್ತುವಿನ ಎಚ್.ಎಸ್.ಎನ್. ಸಂಖ್ಯೆಯನ್ನು ನೋಡಿಯೇ ಬರೆಯಬೇಕು. ಬಿಡಿಭಾಗಗಳ ಮಾರಾಟದೊಂದಿಗೆ ಕೂಲಿಗೆ ದುರಸ್ತಿಯನ್ನೂ ಮಾಡುವ ಗ್ಯಾರೇಜಿಗೆ ನೋಂದಣಿಯ ಮಿತಿ ವಾರ್ಷಿಕ 20 ಲಕ್ಷ ರೂಪಾಯಿಗಳ ವಹಿವಾಟು ಎಂಬುದನ್ನು, ಸರಕು ಮಾತ್ರ ಮಾರುವವರಿಗಿರುವ 40 ಲಕ್ಷದ ಮಿತಿಯೊಂದಿಗೆ ಬೆರೆಸಿಕೊಂಡು ಮೋಸಹೋಗಬಾರದು.

ಸ್ವಂತ ಜೀವನೋಪಾಯಕ್ಕಾಗಿ ಟಿಲ್ಲರ್ ಕೊಂಡ ರೈತನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯನ್ವಯ ಗ್ರಾಹಕನೇ. ದೋಷವುಳ್ಳ ಯಂತ್ರದ ಬಗ್ಗೆ ಎರಡು ವರ್ಷಗಳೊಳಗೆ ಜಿಲ್ಲಾ ಆಯೋಗಕ್ಕೆ ದೂರು ನೀಡಬಹುದು. ಹಲವು ಯಂತ್ರಗಳನ್ನಿಟ್ಟು ಬಾಡಿಗೆಗೆ ಬಿಡುವ ವಾಣಿಜ್ಯ ಉದ್ದೇಶದ ಖರೀದಿಗೆ ಈ ರಕ್ಷಣೆ ಸಾಮಾನ್ಯವಾಗಿ ದೊರೆಯುವುದಿಲ್ಲ. ದಿನಾಂಕ ಮತ್ತು ಮುದ್ರೆಯುಳ್ಳ ವಾರಂಟಿ ಚೀಟಿಯನ್ನು ಕೊಡುವುದು ಮಾರುವವರಿಗೂ ಕ್ಷೇಮ.

ದುರಸ್ತಿಗಾಗಿ ಹರಪನಹಳ್ಳಿಯವರು ದಾವಣಗೆರೆ, ಹರಿಹರಗಳ ದಾರಿ ಹಿಡಿಯುತ್ತಾರೆ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿಯವರು ಹೊಸಪೇಟೆಗೆ ಹೋಗುತ್ತಾರೆ. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾಗಿ ಐದೂ ತಾಲ್ಲೂಕುಗಳು ಒಂದೇ ಜಿಲ್ಲೆಗೆ ಸೇರಿದ್ದರೂ ಬಿಡಿಭಾಗದ ವ್ಯಾಪಾರ ಹೀಗೆ ಹರಿದುಹಂಚಿಹೋಗಿದೆ. ಐದೂರಿನ ಅಂಗಡಿಯವರು ತಮ್ಮಲ್ಲಿರುವ ಅಳತೆಗಳ ಪಟ್ಟಿಯನ್ನು ಪರಸ್ಪರ ಹಂಚಿಕೊಂಡರೆ, ಹಡಗಲಿಯಲ್ಲಿಲ್ಲದ ಸೀಲು ಕೊಟ್ಟೂರಿನಿಂದ ಸಂಜೆಯ ಬಸ್ಸಿಗೆ ಬಂದೀತು. ಆರ್ಡರನ್ನು ಕೊಟ್ಟೂರೇಶ್ವರ ತೇರು ಮುಗಿದ ಕೂಡಲೇ ಕಳುಹಿಸಬೇಕು. ರೋಹಿಣಿ ಹುಟ್ಟುವುದು ಮೇ ಕೊನೆಯ ವಾರದಲ್ಲಿ. ಅಷ್ಟರೊಳಗೆ ಸರಕು ಗೂಡು ಸೇರಿರಬೇಕು.